ಪಕ್ಕದ ಗಾಡಿಯ ಮೇಲೊಂದು ಬೆರಳು

ಧಾರೇಶ್ವರದ ಸಮುದ್ರದಂಡೆಯಲ್ಲಿ ಭಾನುವಾರ ಬೆಳಿಗ್ಗೆ ರಿಮೋಟ್ ಹಿಡಿದು ನಿಂತ ದೊಡ್ಡ ಮನುಷ್ಯರನ್ನು ಕಂಡು ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಾನೂ ಒಂದು ಕಾಲಕ್ಕೆ ನಕ್ಕವಳೇ. ಮೊಳದುದ್ದದ ರೇಸ್ ಬಗ್ಗಿ, ಅದಕ್ಕೆ ಊದಿಕೊಂಡ ನಾಲ್ಕು ಚಕ್ರ, ಅದರ ಹಿಂದೆ ಬಾಯಿ ಬಿಟ್ಟುಕೊಂಡು ನೋಡುವ ನರೆಗೂದಲಿನವರು. ಆದರೆ ಓಟ ಶುರುವಾಗುವ ಮುಂಚೆ ಅಲ್ಲೊಂದು ಕ್ರಮ ನಡೆಯುತ್ತದೆ, ಅದನ್ನು ನೋಡಿ ನಗಬೇಡಿ. ಸಾಲಾಗಿ ನಿಲ್ಲಿಸಿದ ಗಾಡಿಗಳಲ್ಲಿ ಪ್ರತಿಯೊಬ್ಬರೂ ತಮ್ಮದನ್ನು ಬಿಟ್ಟು ಪಕ್ಕದವರ ಗಾಡಿಯ ಬೆನ್ನಿಗೆ ಒಂದು ಬೆರಳಿಟ್ಟು ಒತ್ತುತ್ತಾರೆ. ಗಾಡಿ ಕುಗ್ಗಿ ಮತ್ತೆ ಎದ್ದರೆ ‘ಸರಿ ಅದೆ’ ಅನ್ನುತ್ತಾರೆ. ಆಮೇಲೆಯೇ ಸೀಟಿ. ಹೊಸದಾಗಿ ಸೇರಿದವರನ್ನು ಇದೆಂಥದ್ದು ಅಂತ ಕೇಳಿ ನೋಡಿ, ‘ಇಲ್ಲಿ ಹಂಗೇ ಮಾಡೂದು’ ಅನ್ನುತ್ತಾರೆ.

ಇಲ್ಲಿ ಹಾಗೆ ಮಾಡುವುದು ಹೇಗೆ ಶುರುವಾಯಿತೆಂದು ಸರಿಯಾಗಿ ಹೇಳಬಲ್ಲವರು ಈಗ ಮೂರೇ ಜನ ಉಳಿದಿದ್ದೇವೆ. ಈ ಮಳೆಗಾಲದಲ್ಲಿ ಅಕ್ಕೋರು ಹೋಗಿಬಿಟ್ಟರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಾನೂ ಅಕ್ಕೋರೇ, ಕನ್ನಡ ಅಕ್ಕೋರು. ಆದರೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೀ ‘ಅಕ್ಕೋರು’ ಅಂದರೆ ಅದು ಅವರೊಬ್ಬರೇ. ನಮ್ಮ ಹೈಸ್ಕೂಲಿನಲ್ಲಿ ಆಟ ಕಲಿಸುತ್ತಿದ್ದವರು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕುತ್ತಿದ್ದವರು, ಸರ ಇರಬೇಕಾದ ಜಾಗದಲ್ಲಿ ಸೀಟಿ ನೇತಾಡಿಸಿಕೊಂಡು ತಿರುಗುತ್ತಿದ್ದವರು. ಮದುವೆ ಯಾಕೆ ಆಗಲಿಲ್ಲ ಅಂದರೆ ‘ಪುರುಸೊತ್ತಾಗ್ಲಿಲ್ಲೆ’ ಅನ್ನುತ್ತಿದ್ದರು. ಮನೆ ಕರ್ಕಿ. ಅಪ್ಪ ಕಡಲಿಗೆ ಹೋಗುತ್ತಿದ್ದವರು, ಅಣ್ಣನಿಗೂ ದೋಣಿ ಇತ್ತು.

ಆ ಸೀಟಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ಅವರಿಗೆ ಸಿಟ್ಟು ಬಂದೀತು. ಒಮ್ಮೆ ಕರ್ಕಿಯಲ್ಲಿ ನಾವಿಬ್ಬರೂ ಕೈ ಅಡ್ಡ ಹಿಡಿದು ನಿಂತಿದ್ದರೂ ಬಸ್ಸು ನಿಲ್ಲದೆ ಹೋಯಿತು. ನಾನು ಡ್ರೈವರನ ವಂಶವನ್ನೆಲ್ಲ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಸೀಟಿ ಕೇಳಿತು. ಬಸ್ಸು ಗಕ್ಕನೆ ನಿಂತಿತು. ಕಿಟಕಿಯಿಂದ ತಲೆ ಹಾಕಿದ ಡ್ರೈವರ್ ‘ತಪ್ಪಾತು ಅಕ್ಕೋರೇ’ ಅಂದ. ಎಂಟನೇ ಕ್ಲಾಸಿನಲ್ಲಿ ಅವನಿಂದ ಮೈದಾನ ಸುತ್ತು ಹಾಕಿಸಿದ್ದರಂತೆ. ಸೀಟಿ ಕೇಳಿದ ಕೂಡಲೇ ಕಾಲು ತಾನೇ ಬ್ರೇಕ್ ಒತ್ತಿತಂತೆ. ಬಸ್ಸು ಹತ್ತಿ ಕೂತಮೇಲೆ ಅಕ್ಕೋರು ನನ್ನ ಕಡೆ ತಿರುಗಿ, ‘ನಿನ್ನ ವ್ಯಾಕರಣ ಕೇಳಿ ಯಾವ ಬಸ್ಸಾದ್ರೂ ನಿಂತದ್ಯಾ?’ ಅಂದರು. ನಾನು ಕಿಟಕಿ ಕಡೆ ಮುಖ ಮಾಡಿಕೊಂಡೆ.

ಓಟ ಕಲಿಸುವುದರಲ್ಲಿ ಅವರದ್ದೊಂದು ಹಟವಿತ್ತು. ಬೇರೆ ಶಾಲೆಯವರು ಮಕ್ಕಳಿಗೆ ಮೊಳೆ ಬೂಟು ಹಾಕಿಸಿ ತಾಲೂಕು ಪಂದ್ಯಕ್ಕೆ ತಂದರೆ ನಮ್ಮವು ಬರಿಗಾಲಲ್ಲಿ ಬಂದಿರುತ್ತಿದ್ದವು. ಇದೆಂಥ ಅವಮಾನ ಅಂತ ಹೆಡ್‌ಮಾಸ್ತರು ಕೂಗಾಡುತ್ತಿದ್ದರು. ಇವರದ್ದು ಒಂದೇ ಉತ್ತರ: ‘ಮೊದ್ಲು ತನ್ನ ಕಾಲು ತನಗೆ ಗೊತ್ತಾಗ್ಲಿ. ಬೂಟು ಆಮೇಲೆ.’ ಕಾಲು ಗೊತ್ತಾದ ಮಕ್ಕಳಿಗೆ ಬೂಟನ್ನು ತಾವೇ ತಂದು ಕೊಡುತ್ತಿದ್ದರು. ಹಾಗೆ ಗೆದ್ದವರು ಎಷ್ಟೋ ಮಂದಿ, ಸೋತವರೂ ಇದ್ದಾರೆ. ಸೋತವರಿಗೆ ಅವರು ಬೈದದ್ದನ್ನು ನಾನು ನೋಡಿಲ್ಲ. ಸೀಟಿಗೆ ಮುಂಚೆ ಗೆರೆಯಿಂದ ಹೆಜ್ಜೆ ಎತ್ತಿದವರಿಗೆ ಮಾತ್ರ ಮಂಗಳಾರತಿ.

ನಿವೃತ್ತಿಗೆ ಸ್ವಲ್ಪ ಮುಂಚೆ ಉದ್ದಜಿಗಿತ ತೋರಿಸಲು ಹೋಗಿ ಬಿದ್ದರು. ಮಂಡಿಯ ಆಪರೇಷನ್ ಆಯಿತು. ನಡೆಯಬಹುದು, ಓಡುವಂತಿಲ್ಲ ಅಂದರು ಡಾಕ್ಟರು. ಆಮೇಲೆ ಸಂಜೆ ನಾನು ಅವರ ಮನೆಗೆ ಹೋದಾಗಲೆಲ್ಲ ಜಗಲಿಯಲ್ಲಿ ಕಾಲು ನೀಡಿ ಕೂತು ರಸ್ತೆ ನೋಡುತ್ತಿರುತ್ತಿದ್ದರು. ‘ಒಂಚೂರು ನಡೆದು ಬರುವ ಬನ್ನಿ’ ಅಂದರೆ, ‘ನಂಗೆ ನಡೆಯೂಕೆ ಬತ್ತಿಲ್ಲ ಮಾರಾಯ್ತಿ, ಓಡೂಕೆ ಮಾತ್ರ ಬರೂದು’ ಅನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು. ಆಮೇಲೆ ನಾನೊಬ್ಬಳೇ ನಡೆದು ಮನೆಗೆ ಬರುತ್ತಿದ್ದೆ.

ಹೀಗಿರುವಾಗ ಒಂದು ದಿನ ನಮ್ಮ ಮನೆಯ ಮದುವೆಯೊಂದರ ಜವಳಿಗೆಂದು ಅವರನ್ನು ಭಟ್ಕಳಕ್ಕೆ ಎಳೆದುಕೊಂಡು ಹೋದೆ. ಸೀರೆ ಅಂಗಡಿಯ ಎದುರು ಒಬ್ಬ ಸಾಹೇಬರ ಅಂಗಡಿ. ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರು, ಅತ್ತರು, ಕಂಬಳಿ, ಚಾಕಲೇಟು, ಆಟಿಕೆ ಎಲ್ಲ ಇಟ್ಟಿದ್ದರು. ನಾವು ಹೋದಾಗ ಸಾಹೇಬರು ಓಣಿಯಲ್ಲಿ ಇಂಥದ್ದೇ ಒಂದು ರೇಸ್ ಬಗ್ಗಿಯನ್ನು ಓಡಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ಅದು ಧೂಳೆಬ್ಬಿಸಿಕೊಂಡು ಬಂದು ಅಕ್ಕೋರ ಬೂಟಿನ ಎದುರು ನಿಂತಿತು. ಅಕ್ಕೋರು ಕೈ ಚಾಚಿ ರಿಮೋಟ್ ಇಸಿದುಕೊಂಡರು. ಮೊದಲ ಸಲ ಗೋಡೆಗೆ ಗುದ್ದಿಸಿದರು, ಎರಡನೇ ಸಲ ಚರಂಡಿಗೆ ಇಳಿಸಿದರು. ಆಮೇಲೆ ಅದು ಓಣಿಯ ಕೊನೆಯವರೆಗೂ ಓಡಿ, ತಿರುಗಿ, ಓಡುತ್ತಲೇ ವಾಪಸ್ಸು ಬಂತು. ಅವರ ಮುಖ ನೋಡಿದೆ. ಮಂಡಿ ಮುರಿದ ಮೇಲೆ ಆ ಮುಖವನ್ನು ನಾನು ನೋಡಿರಲಿಲ್ಲ. ಸೀರೆ ಹಾಳಾಗಿ ಹೋಗಲಿ ಅಂತ ಅಲ್ಲೇ ಕಟ್ಟೆಯ ಮೇಲೆ ಕೂತೆ.

ಸಾಹೇಬರು ಎರಡು ಗಾಡಿ ತಂದಿಟ್ಟರು. ಒಂದು ಸಾದಾ, ಪೆಟ್ಟಿಗೆಯಿಂದ ತೆಗೆದದ್ದು ತೆಗೆದ ಹಾಗೇ. ಇನ್ನೊಂದು ಅಪ್‌ಗ್ರೇಡ್ ಮಾಡಿದ್ದು. ಮೋಟಾರು ಜೋರಿನದು, ಪ್ಲಾಸ್ಟಿಕ್ ಕಾಲುಗಳ ಜಾಗದಲ್ಲಿ ಅಲ್ಯೂಮಿನಿಯಂ ಕಾಲು, ಬರೀ ಸ್ಪ್ರಿಂಗಿನ ಜಾಗದಲ್ಲಿ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್.

‘ಟೀಚರ್, ಇದು ತಗೊಳ್ಳಿ’ ಎಂದು ಅಪ್‌ಗ್ರೇಡನ್ನು ಮುಂದೆ ತಳ್ಳಿದರು. ‘ಸಾದಾ ತಗೊಂಡವರೆಲ್ಲ ಎರಡು ತಿಂಗಳಿಗೆ ಇದಕ್ಕೇ ಬರ್ತಾರೆ. ನಾನು ನೋಡಿದ್ದೇನಲ್ಲ.’

ಅಕ್ಕೋರು ಸಾದಾ ಗಾಡಿಯ ಬೆನ್ನಿಗೆ ಬೆರಳಿಟ್ಟು ಒತ್ತಿದರು. ಅದು ಕುಗ್ಗಿ ಎದ್ದಿತು. ‘ಇದ್ರ ಕಾಲು ಎಂತಾದ್ದು ಅಂತ ನಂಗಿನ್ನೂ ಗೊತ್ತಿಲ್ಲೆ ಸಾಹೇಬ್ರೇ. ಈಗ್ಲೇ ಬೂಟು ಎಂತಕ್ಕೆ?’

ಸಾಹೇಬರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು.

ಧಾರೇಶ್ವರದಲ್ಲಿ ಭಾನುವಾರ ಈ ಗಾಡಿಗಳ ಓಟ ನಡೆಯುತ್ತದೆ ಅಂತ ಹೇಳಿದವರೂ ಸಾಹೇಬರೇ. ಅವರು ಭಟ್ಕಳದಿಂದ, ಕುಮಟೆಯಿಂದ ಒಬ್ಬ ಹಲ್ಲಿನ ಡಾಕ್ಟರು, ಮತ್ತೆ ಅಲ್ಲಿ ಇಲ್ಲಿಯ ಕೆಲವರು. ಇಳಿತದ ಹೊತ್ತಿಗೆ ಮರಳು ಗಟ್ಟಿಯಾಗಿರುತ್ತದಲ್ಲ, ಅದೇ ಮೈದಾನ. ದಡಕ್ಕೆಳೆದ ಒಂದು ಹಳೇ ದೋಣಿಯಿಂದ ಹೊರಟು ದೂರದ ಗೂಟ ಸುತ್ತಿ ಬರಬೇಕು. ಸಾದಾ ಗಾಡಿಗಳದ್ದೊಂದು ಓಟ, ಅಪ್‌ಗ್ರೇಡಿನವರದ್ದು ಇನ್ನೊಂದು. ಗಂಡಸರ ಆ ಗುಂಪಿಗೆ ಕುಂಟುತ್ತ ಹೋದ ಅಕ್ಕೋರು ಮೊದಲ ದಿನವೇ ಸೀಟಿ ಊದಿ ಎಲ್ಲರನ್ನೂ ಗೆರೆಯ ಹಿಂದೆ ನಿಲ್ಲಿಸಿದರು. ಅವತ್ತಿನಿಂದ ಓಟ ಬಿಡಿಸುವ ಕೆಲಸ ಅವರದ್ದೇ ಆಯಿತು. ನನ್ನ ಕೆಲಸ ಚಾದ ಫ್ಲಾಸ್ಕ್ ಹೊರುವುದು.

ಸಾದಾ ಓಟದಲ್ಲಿ ಅವರನ್ನು ಹಿಂದೆ ಹಾಕುವವರು ಇರಲಿಲ್ಲ. ಯಾವ ಮರಳು ಎಷ್ಟು ಹೊತ್ತಿಗೆ ಗಟ್ಟಿ, ಅಲೆ ಬಿಟ್ಟುಹೋದ ಏಣುಗಳನ್ನು ಯಾವ ಕಡೆಯಿಂದ ದಾಟಬೇಕು, ತಿರುವಿಗೆ ಎಷ್ಟು ಮುಂಚೆ ವೇಗ ಬಿಡಬೇಕು ಎಲ್ಲ ಅವರಿಗೆ ಆ ಗಾಡಿಯೇ ಕಲಿಸಿತ್ತು. ಸಾಹೇಬರು ಪ್ರತಿ ತಿಂಗಳೂ ಹೊಸ ಮೋಟಾರು ತಂದು ಆಸೆ ತೋರಿಸುತ್ತಿದ್ದರು. ‘ಇನ್ನೂ ಇದ್ರ ಓಟವೇ ಮುಗಿಲಿಲ್ಲೆ’ ಅನ್ನುತ್ತಿದ್ದರು ಇವರು. ವಾರವಿಡೀ ಜಗಲಿಯಲ್ಲಿ ಕೂತ ಹೆಂಗಸು ಭಾನುವಾರ ಬೆಳಗಾದರೆ ನನಗಿಂತ ಮುಂಚೆ ಟೆಂಪೋ ನಿಲ್ಲುವಲ್ಲಿ ನಿಂತಿರುತ್ತಿದ್ದರು.

ಆ ಭಾನುವಾರಕ್ಕೇ ಕಲ್ಲು ಬಿತ್ತು. ಗುಂಪಿನಲ್ಲಿ ಒಬ್ಬೊಬ್ಬರಾಗಿ ಅಪ್‌ಗ್ರೇಡಿಗೆ ಹೋಗಿದ್ದರು. ಒಂದು ದಿನ ಡಾಕ್ಟರು, ‘ಇನ್ನು ಮುಂದೆ ಸಾದಾ ಓಟ ಬೇಡ. ಎರಡೆರಡು ಓಟ ಮುಗಿಸುವಷ್ಟರಲ್ಲಿ ಭರತದ ನೀರು ಏರಿ ಬಂದ್ಬಿಡ್ತದೆ. ಅದು ಮಕ್ಕಳ ಆಟ. ಅಕ್ಕೋರೂ ಒಂದು ಅಪ್‌ಗ್ರೇಡ್ ತಗೊಳ್ಳಲಿ’ ಅಂದುಬಿಟ್ಟರು. ಯಾರೂ ಇಲ್ಲ ಅನ್ನಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ‘ಇವ್ರ ಗಾಡಿ ಎದ್ರು ಓಡೂಕೆ ತಾಕತ್ತಿಲ್ಲೆ, ಅದ್ಕೆ ಈ ನಾಟಕ’ ಅಂತ ಎಲ್ಲರಿಗೂ ಕೇಳುವ ಹಾಗೇ ಹೇಳಿದೆ.

ಅಕ್ಕೋರು ನನಗೆ ಕಣ್ಣು ಬಿಟ್ಟರು. ಆಮೇಲೆ ಡಾಕ್ಟರ ಕಡೆ ತಿರುಗಿ, ‘ಒಂದು ಓಟ ಓಡುವ ಡಾಕ್ಟ್ರೇ. ನಿಮ್ಮ ಅಪ್‌ಗ್ರೇಡು, ನನ್ನ ಸಾದಾ. ನಾ ಗೆದ್ರೆ ಸಾದಾ ಓಟ ಇರ್ತದೆ. ಸೋತ್ರೆ ನಾ ಇಲ್ಲಿಗೆ ಬತ್ತಿಲ್ಲ’ ಅಂದರು.

‘ಟೀಚರ್, ಅಷ್ಟೆಲ್ಲ ಎಂತಕ್ಕೆ’ ಅಂದರು ಸಾಹೇಬರು. ನಮ್ಮ ಸಹವಾಸದಲ್ಲಿ ಒಂದು ವರ್ಷದೊಳಗೆ ಅವರಿಗೂ ನಮ್ಮ ‘ಎಂತಕ್ಕೆ’ ಅಂಟಿತ್ತು.

‘ಮಾತು ಆತು’ ಅಂದರು ಅಕ್ಕೋರು.

ದಾರಿಯುದ್ದಕ್ಕೂ ನಾನು ಬೈದೆ. ಗೆದ್ದರೆ ಇದು, ಸೋತರೆ ಅದು ಅಂತ ಯಾರಾದರೂ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಕಟ್ಟಿಕೊಳ್ಳುತ್ತಾರಾ? ಇನ್ನು ಭಾನುವಾರವೂ ಜಗಲಿಯೇ ಗತಿಯಾದರೆ? ಅವರು ಗಾಡಿಯ ಚಕ್ರದ ಮರಳು ಕೊಡವುತ್ತ ಕೂತಿದ್ದರು.

ಓಟ ನಡೆದದ್ದು ಜನವರಿಯ ಒಂದು ಬೆಳಿಗ್ಗೆ. ನಮ್ಮ ಕರಾವಳಿಗೆ ಚಳಿ ಅಂತ ಬರುವುದೇ ಆ ನಾಲ್ಕು ದಿನ. ತಲೆಗೆ ಹಾಕೋಣ ಅಂತ ನೋಡಿದರೆ ನಮ್ಮನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗಿತ್ತು. ಬಚ್ಚಲ ಒಲೆಯ ಹತ್ತಿರ ಇಟ್ಟು ಕರಗಿಸಿಕೊಂಡು, ಜಡೆ ಹಾಕಿ ಹೊರಟೆ.

ದೋಣಿಯ ಎದುರು ಎರಡೂ ಗಾಡಿ ನಿಂತವು. ಏಣು ಏಣಾದ ಗಟ್ಟಿ ಮರಳು ಅಷ್ಟಗಲಕ್ಕೆ ಬಿಚ್ಚಿಕೊಂಡಿತ್ತು. ಇನ್ನೇನು ಸೀಟಿ ಊದಬೇಕು, ಅಕ್ಕೋರು ಅಭ್ಯಾಸ ಬಲದಿಂದ ಬಗ್ಗಿ ಡಾಕ್ಟರ ಗಾಡಿಯ ಬೆನ್ನು ಒತ್ತಿದರು. ಅದು ಕುಗ್ಗಲಿಲ್ಲ. ಇನ್ನೂ ಜೋರಾಗಿ ಒತ್ತಿದರು. ಅರ್ಧ ಇಳಿದದ್ದು ಮೇಲೆ ಬರಲಿಲ್ಲ.

‘ಡಾಕ್ಟ್ರೇ, ಶಾಕಿಗೆ ಎಂತ ಹಾಕಿದ್ರಿ?’

ಡಾಕ್ಟರು ಮುಖ ಸಣ್ಣದು ಮಾಡಿಕೊಂಡರು. ಶಾಕ್ ಅಬ್ಸಾರ್ಬರಿಗೆ ಹಾಕುವ ಎಣ್ಣೆ ಬೇರೆಯೇ ಇದೆ, ಪಾರ್ಸೆಲ್ಲಿನಲ್ಲಿ ತರಿಸಬೇಕು. ಅದು ಬಂದಿರಲಿಲ್ಲ. ಅವರ ತಾಯಿ, ‘ಅದ್ಕೆ ಎಂತಕ್ಕೆ ತಲೆಬಿಸಿ, ಕೊಬ್ರಿ ಎಣ್ಣೆ ಹಾಕು’ ಅಂದರಂತೆ. ನಮ್ಮಲ್ಲಿ ಬಾಗಿಲ ತಿರುಗಣೆಗೂ ಅದೇ, ಬೀಗಕ್ಕೂ ಅದೇ, ಸುಟ್ಟ ಗಾಯಕ್ಕೂ ಅದೇ. ಹಲ್ಲಿನ ಡಾಕ್ಟರಾದರೇನು, ತಾಯಿ ಹೇಳಿದ್ದನ್ನು ಮಾಡಿದ್ದರು. ಹಿಂದಿನ ಮಧ್ಯಾಹ್ನ ಗಾಡಿ ಬೆಣ್ಣೆಯ ಹಾಗೆ ಓಡಿತ್ತಂತೆ. ಈಗ ಒಳಗಡೆ ನಿಜವಾಗಿಯೂ ಬೆಣ್ಣೆಯೇ ಆಗಿ ಕೂತಿತ್ತು. ಆ ಏಣುಗಳ ಮೇಲೆ ಬಿಟ್ಟರೆ ಗಾಡಿ ಕಪ್ಪೆಯ ಹಾಗೆ ಕುಪ್ಪಳಿಸಿ ಮಗುಚುವುದು ನನ್ನಂಥವಳಿಗೂ ಗೊತ್ತಾಯಿತು.

ನಾನು ಅಕ್ಕೋರ ಸೆರಗು ಜಗ್ಗಿದೆ. ‘ಸುಮ್ಮನಿರ್ರಿ. ಅವ್ರು ಹಾಕ್ಕಂಡ ಎಣ್ಣೆ, ಅವ್ರೇ ನೋಡ್ಕಳ್ಲಿ. ಸೀಟಿ ಊದಿ.’

‘ನಾನೇ ಕುಂಟಿ. ಕುಂಟೂ ಗಾಡಿ ಎದ್ರು ಓಡಿ ಗೆದ್ದೆ ಅಂತ ಹೇಳ್ಕಂಡು ತಿರ್ಗೂದಾ ನಾನು?’ ಅಂದರು. ಮೆಲ್ಲಗೇನೂ ಅಲ್ಲ, ಎಲ್ಲರಿಗೂ ಕೇಳಿಸಿತು. ಆಮೇಲೆ ಡಾಕ್ಟರಿಗೆ, ‘ಬಿಸಿಲು ಬರೂವರೆಗೆ ಕಾಯುವ. ಗಾಡಿನ ದೋಣಿ ಮೇಲೆ ಇಡಿ, ಎಣ್ಣೆ ಕರಗ್ಲಿ’ ಅಂದರು.

ನಮ್ಮ ದಂಡೆಗೆ ಬಿಸಿಲು ಬೇಗ ಬರುವುದಿಲ್ಲ. ಗುಡ್ಡ ಹತ್ತಿ, ಗಾಳಿಮರದ ಸಾಲು ದಾಟಿ ಬರಬೇಕು. ಕಡಲು ಅಷ್ಟು ಹೊತ್ತು ಕಾಯುತ್ತದೆಯೇ? ಇಳಿತ ಮುಗಿದು ನೀರು ತಿರುಗಿತ್ತು. ನಾವು ಚಾ ಕುಡಿಯುತ್ತಿದ್ದಂತೆ ಅಕ್ಕೋರ ಗಟ್ಟಿ ಮರಳು, ಅವರು ವರ್ಷವಿಡೀ ಓದಿಕೊಂಡಿದ್ದ ಮರಳು, ಒಂದೊಂದೇ ಮಾರು ನೀರಿನಡಿಗೆ ಹೋಗುತ್ತಿತ್ತು. ಕಡಲಿನವರ ಮಗಳಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಸಾಹೇಬರು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೂ ಯಾರೂ ಕೈ ಹಾಕಲಿಲ್ಲ. ಅಕ್ಕೋರು ಮಾತ್ರ ಎರಡು ತೆಗೆದುಕೊಂಡು, ಒಂದನ್ನು ಚಾಕ್ಕೆ ಅದ್ದುತ್ತ ಹೇಳಿದರು: ‘ನಮ್ಮ ಅಪ್ಪ ದೋಣಿ ನೀರಿಗಿಳ್ಸೂ ಮುಂಚೆ ತನ್ನ ಹಗ್ಗ ನೋಡ್ತಿರ್ಲಿಲ್ಲೆ, ಪಕ್ಕದವ್ರ ಹಗ್ಗ ಎಳೆದು ನೋಡ್ತಿದ್ದ. ಪಕ್ಕದವ ಇವ್ನದ್ದು ನೋಡ್ತಿದ್ದ. ತನ್ನ ಹಗ್ಗ ತನ್ನ ಕಣ್ಣಿಗೆ ಯಾವಾಗ್ಲೂ ಗಟ್ಟಿನೇ ಕಾಣೂದು ಅಂತಿದ್ದ.’

ಡಾಕ್ಟರು ಎದ್ದು ಗಾಡಿಯನ್ನು ಬಿಸಿಲು ಬರುವ ಕಡೆಗೆ ತಿರುಗಿಸಿಟ್ಟರು.

ಎಣ್ಣೆ ಕರಗಿತು. ಅಕ್ಕೋರೇ ಒತ್ತಿ ನೋಡಿ ‘ಸರಿ ಅದೆ’ ಅಂದರು. ಸೀಟಿ ಊದಿದರು. ಆ ಹೊತ್ತಿಗೆ ಗಟ್ಟಿ ಮರಳು ಒಂದು ಓಣಿಯಷ್ಟು ಅಗಲ ಉಳಿದಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಕಾಲು ಹೂಳುವ ಸಡಿಲು ಮರಳು. ಹೊರಟ ಕೂಡಲೇ ಡಾಕ್ಟರ ಗಾಡಿ ಮುಂದೆ ಹಾರಿತು. ಆದರೆ ಗೂಟದ ತಿರುವಿನಲ್ಲಿ ಅದು ಅಗಲಕ್ಕೆ ಹೋಗಿ ಸಡಿಲು ಮರಳು ಉಳುವಷ್ಟರಲ್ಲಿ ನಮ್ಮ ಸಾದಾ ಗಾಡಿ ಗೂಟಕ್ಕೆ ಉಜ್ಜಿಕೊಂಡೇ ತಿರುಗಿ ಮುಂದಾಯಿತು. ನಾನು ಫ್ಲಾಸ್ಕ್ ಎಸೆದು ಕೂಗಿದೆ. ನಮ್ಮ ವಯಸ್ಸಿಗೆ ಸಲ್ಲದ ರೀತಿಯಲ್ಲೇ ಕೂಗಿದೆ. ಅಕ್ಕೋರು ಕೂಗಲಿಲ್ಲ, ರಿಮೋಟ್ ಹಿಡಿದ ಕೈ ಅಲ್ಲಾಡಲಿಲ್ಲ. ಕ್ಯಾನ್ವಾಸ್ ಬೂಟಿನೊಳಗೆ ಅವರ ಕಾಲು ಮಾತ್ರ ನಿಂತಲ್ಲೇ ಓಡುತ್ತಿತ್ತು. ದೋಣಿ ಹತ್ತಿರವಾಯಿತು. ಹಿಂದಿನಿಂದ ಡಾಕ್ಟರ ಗಾಡಿ ಕೂಗಿಕೊಂಡು ಬಂತು. ನೇರ ದಾರಿಯಲ್ಲಿ ಜೋರಿನ ಮೋಟಾರಿಗೆ ಯಾರು ಏನು ಮಾಡಿಯಾರು? ಗೆರೆಯ ಹತ್ತಿರ ಅದು ಒಂದು ಗೇಣು ಮುಂದಾಯಿತು.

ಸೋತರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕೋರು ಸೀಟಿ ಊದಿ ಓಟ ಮುಗಿಸಿದರು, ಕುಂಟುತ್ತ ಹೋಗಿ ಡಾಕ್ಟರ ಕೈ ಹಿಡಿದು ಕುಲುಕಿದರು. ‘ಲಾಯ್ಕ್ ಓಡಿಸಿದ್ರಿ. ತಿರುವಿಗೆ ಇನ್ನೊಂಚೂರು ಮುಂಚೆ ವೇಗ ಬಿಡಿ’ ಅಂದರು. ಗಾಡಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡರು. ‘ನಡಿ ಮಾರಾಯ್ತಿ.’ ಟೆಂಪೋದಲ್ಲಿ ನಾನು ಅತ್ತೆ. ಅವರು ಅಳಲಿಲ್ಲ. ಇಳಿಯುವಾಗ, ‘ಕಂಡ್ಯಾ, ಗೂಟದ ಹತ್ರ ಹೆಂಗೆ ತಿರ್ಗ್ತು?’ ಅಂದರು. ಇಂಥವರ ಪಕ್ಕದಲ್ಲಿ ಕೂತು ಬಂದೆನಲ್ಲ ಅಂತ ನನಗೆ ಅವತ್ತು ಬಂದ ಹೆಮ್ಮೆ ಇವತ್ತಿಗೂ ಕರಗಿಲ್ಲ. ಯಾವ ಬಿಸಿಲಿಗೂ ಅದು ಕರಗುವಂಥದ್ದಲ್ಲ.

ಮುಂದಿನ ಭಾನುವಾರ ಅವರು ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ‘ಒಂದು ಅಪ್‌ಗ್ರೇಡ್ ತಗಂಡು ಹೋಗಿ, ಅವ್ರೇ ಕರೀತಿದ್ರಲ್ಲ’ ಅಂದೆ. ‘ಗಾಡಿ ಬದ್ಲಿಸೂದು ದೊಡ್ಡದಲ್ಲ. ಬತ್ತಿಲ್ಲ ಅಂದಿದ್ದೆ’ ಅಂದರು. ಮತ್ತೆ ಜಗಲಿ, ಮತ್ತೆ ರಸ್ತೆ. ನನಗೆ ಆ ಜಗಲಿಯನ್ನೇ ಕಿತ್ತು ಹಾಕಬೇಕು ಅನಿಸುತ್ತಿತ್ತು.

ಒಂದು ಸಂಜೆ ಕರ್ಕಿಯ ಆ ಜಗಲಿಯ ಎದುರು ಸಾಹೇಬರ ಕಾರು ನಿಂತಿತು. ಸಾಹೇಬರು, ಡಾಕ್ಟರು ಇಬ್ಬರೂ ಇಳಿದರು. ಡಾಕ್ಟರ ಕೈಯಲ್ಲಿ ಅವರ ಗಾಡಿ. ಅದನ್ನು ನೋಡಿ ಅಕ್ಕೋರ ಹುಬ್ಬು ಮೇಲೇರಿತು. ಅಲ್ಯೂಮಿನಿಯಂ ಕಾಲು ಇಲ್ಲ, ಎಣ್ಣೆಯ ಶಾಕ್ ಇಲ್ಲ, ಜೋರಿನ ಮೋಟಾರೂ ಇಲ್ಲ. ಬಿಚ್ಚಿ ಡಬ್ಬಿಗೆ ಹಾಕಿಟ್ಟಿದ್ದ ಹಳೇ ಪ್ಲಾಸ್ಟಿಕ್ ಸಾಮಾನನ್ನೆಲ್ಲ ಹುಡುಕಿ ಮತ್ತೆ ಜೋಡಿಸಿಕೊಂಡು ಬಂದಿದ್ದರು.

‘ಅಕ್ಕೋರೇ, ಗೆದ್ದದ್ದು ನಂಗೆ ಅರಗ್ತಾ ಇಲ್ಲ’ ಅಂದರು ಡಾಕ್ಟರು. ‘ನೀವು ಒತ್ತಿ ನೋಡದೆ ಇದ್ದಿದ್ರೆ ನನ್ನ ಗಾಡಿ ಅಲ್ಲೇ ಮಗುಚ್ತಿತ್ತು. ನಮ್ಮಮ್ಮನೂ ಬೈತಾ ಇದ್ದಾಳೆ. ಇನ್ನು ಮೇಲೆ ಮೊದಲ ಓಟ ಎಲ್ಲರದ್ದೂ ಸಾದಾ ಗಾಡಿಯಲ್ಲೇ. ಅಪ್‌ಗ್ರೇಡ್ ಆಮೇಲೆ, ಬೇಕಾದವರಿಗೆ. ಎಲ್ಲರೂ ಒಪ್ಪಿದ್ದಾರೆ.’

‘ನಾ ಸೋತಿದ್ದೆ ಡಾಕ್ಟ್ರೇ. ಮಾತು ಅಂದ್ರೆ ಮಾತು.’

ಆಗ ಸಾಹೇಬರು ಬಾಯಿ ಹಾಕಿದರು. ‘ಟೀಚರ್, ನೀವು ಬರೋದಿಲ್ಲ ಅಂತ ಮಾತು ಕೊಟ್ಟಿದ್ದೀರಿ, ಸರಿ. ಕರ್ಕೊಂಡು ಹೋಗೋದಿಲ್ಲ ಅಂತ ನಾವು ಕೊಟ್ಟಿಲ್ಲ. ಭಾನುವಾರ ಕಾರು ತರ್ತೇನೆ.’

ಅಕ್ಕೋರು ಬಗ್ಗಿ ಡಾಕ್ಟರ ಗಾಡಿಯನ್ನು ಒಂದೇ ಬೆರಳಲ್ಲಿ ಒತ್ತಿದರು. ‘ಹಿಂದಿನ ಎಡಗಾಲು ಬಿಗಿ ಅದೆ. ಬಿಚ್ಚಿ, ನೋಡುವ’ ಅಂದರು. ನಾನು ಒಳಗೆ ಹೋಗಿ ಚಾಕ್ಕಿಟ್ಟೆ. ಒಲೆಯ ಎದುರು ನಿಂತು ಒಬ್ಬಳೇ ನಕ್ಕೆ.

ಆ ಭಾನುವಾರ ಓಟಕ್ಕೆ ಮುಂಚೆ ಡಾಕ್ಟರು ತಾವಾಗಿ ಬಗ್ಗಿ ಅಕ್ಕೋರ ಗಾಡಿಯನ್ನು ಒತ್ತಿ ನೋಡಿದರು. ಸಾಹೇಬರು ಡಾಕ್ಟರದ್ದನ್ನು ಒತ್ತಿದರು. ಅಲ್ಲಿಂದ ಅದು ಕ್ರಮವಾಯಿತು. ಅಕ್ಕೋರು ಗೆದ್ದರು, ಸೋತರು, ಮತ್ತೆ ಗೆದ್ದರು. ಅವರ ಗಾಡಿಗೆ ಕೊನೆಯವರೆಗೂ ಬೂಟು ಹತ್ತಲಿಲ್ಲ. ಓಟ ಮುಗಿಯಲೇ ಇಲ್ಲ ಅಂತ ಕಾಣುತ್ತದೆ.

ಮಳೆ ಬಿಟ್ಟ ಮೇಲಿನ ಮೊದಲ ಭಾನುವಾರ ಅವರ ಅಣ್ಣ ಆ ಗಾಡಿಯನ್ನೂ ಸೀಟಿಯನ್ನೂ ನನ್ನ ಕೈಗೆ ಕೊಟ್ಟರು. ಅಷ್ಟು ವರ್ಷ ಬರೀ ಫ್ಲಾಸ್ಕ್ ಹೊತ್ತವಳು ನಾನು, ರಿಮೋಟಿನ ಯಾವ ಗುಂಡಿ ಎಂತಕ್ಕೆ ಅಂತಲೂ ಗೊತ್ತಿಲ್ಲ. ಆದರೂ ಧಾರೇಶ್ವರಕ್ಕೆ ಹೋದೆ. ಗಾಡಿಯನ್ನು ಸಾಲಿನಲ್ಲಿ, ಡಾಕ್ಟರ ಗಾಡಿಯ ಪಕ್ಕ ಇಟ್ಟೆ. ಒಬ್ಬೊಬ್ಬರಾಗಿ ಪಕ್ಕದವರದ್ದನ್ನು ಒತ್ತಿ ‘ಸರಿ ಅದೆ’ ಅನ್ನುತ್ತ ಬಂದರು. ಡಾಕ್ಟರ ಸರದಿ ಬಂತು. ಅವರು ಬಗ್ಗಿ, ಅಕ್ಕೋರ ಗಾಡಿಯ ಬೆನ್ನಿಗೆ ಬೆರಳಿಟ್ಟರು. ಗಾಡಿ ಕುಗ್ಗಿತು, ಮತ್ತೆ ಎದ್ದು ನಿಂತಿತು.

‘ಸರಿ ಅದೆ’ ಅಂದರು.

ನಾನು ಸೀಟಿ ಊದಿದೆ.